ಹೊತ್ತು ತಂದವರು

(ಉಚ್ಚಂಗಿದುರ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಉಚ್ಚಂಗಿದುರ್ಗದ ಬೆಟ್ಟ ಹತ್ತುವವರು ಈಗ ಹೆಚ್ಚಾಗಿ ಉಚ್ಚಂಗೆಮ್ಮನ ಭಕ್ತರು. ಎಂಟು ನೂರು ವರ್ಷಗಳ ಹಿಂದೆ ಇಲ್ಲಿಗೆ ಏರಿ ಬಂದವರ ಉದ್ದೇಶ ಬೇರೆಯಾಗಿತ್ತು. ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆ ಇದು. ಹೊಯ್ಸಳ ವಿಷ್ಣುವರ್ಧನ ಈ ಪಾಂಡ್ಯರೊಡನೆ ಕಾದಾಡಿದ. ಅವನ ಮೊಮ್ಮಗ ಇಮ್ಮಡಿ ಬಲ್ಲಾಳ ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕೋಟೆಯನ್ನೇ ಗೆದ್ದ. ಇಂಥ ಕಾಳಗಗಳ ನೆನಪನ್ನು ಈ ಸೀಮೆ ಕಲ್ಲಿನಲ್ಲಿ ಕಡೆದು ನಿಲ್ಲಿಸಿದೆ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ, ಯಾವ ಕಡೆ ಹೋದರೂ ಕೆರೆ ಏರಿಯ ಮೇಲೋ ಗುಡಿಯ ಪಕ್ಕದಲ್ಲೋ ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುವ ನೋಟ. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ ಬಿಟ್ಟುಕೊಡುವ ಪದ್ಧತಿಯೂ ಇತ್ತು.

ತೊಡೆಗೆ ಬಾಣ ನೆಟ್ಟವನು, ಮುಂಗೈ ಕಳೆದುಕೊಂಡವನು, ಸಾಯದೆ ಕಾಳಗದ ಬಯಲಿನಲ್ಲಿ ನೀರು ನೀರು ಎಂದವನು ಯಾವ ಪಟ್ಟಿಕೆಯಲ್ಲಿದ್ದಾನೆ? ಸಾಮಾನ್ಯವಾಗಿ ಎಲ್ಲಿಯೂ ಇಲ್ಲ. ಮಹಾಭಾರತದಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನ ಬಳಿಗೆ ದುರ್ಯೋಧನ ಬಾಣ ಕೀಳುವುದರಲ್ಲಿ ನುರಿತ ವೈದ್ಯರನ್ನು ಕರೆತರುತ್ತಾನೆ. ಅವರಿಗೆ ಸಲ್ಲಬೇಕಾದ ಹಣ ಕೊಟ್ಟು ಕಳಿಸಿಬಿಡು ಎನ್ನುತ್ತಾನೆ ಭೀಷ್ಮ. ವ್ಯಾಸರ ಕಾಲಕ್ಕೇ ಸೈನ್ಯದ ಹಿಂದೆ ಶಸ್ತ್ರವೈದ್ಯರು ಇದ್ದರೆಂಬುದಕ್ಕೆ ಇದು ಸಾಕ್ಷಿ. ವೀರನೆನಿಸಿಕೊಂಡವನು ಅವರನ್ನು ಬೇಡವೆನ್ನಬೇಕು ಎಂಬ ಎಣಿಕೆಗೂ ಅದೇ ಸಾಕ್ಷಿ.

ಈ ಉಪನ್ಯಾಸ ಆ ವೈದ್ಯರ ಕುರಿತಾದದ್ದು. ಅವರಿಗಿಂತ ಹೆಚ್ಚಾಗಿ, ಗಾಯಾಳುವನ್ನು ಅವರ ಬಳಿಗೆ ಹೊತ್ತು ತಂದವರ ಕುರಿತಾದದ್ದು. ಯುದ್ಧಭೂಮಿಯ ಆಸ್ಪತ್ರೆಯ ಕಥೆಯನ್ನು ಸರ್ಜನ್‌ನ ಕತ್ತರಿಯಿಂದ ಶುರು ಮಾಡುವುದು ವಾಡಿಕೆ. ಆದರೆ ಗುಂಡು ತಗುಲಿದ ಜಾಗಕ್ಕೂ ಆಪರೇಷನ್ ಮೇಜಿಗೂ ನಡುವಿನ ದಾರಿಯಲ್ಲೇ ಹೆಚ್ಚಿನವರ ಹಣೆಬರಹ ತೀರ್ಮಾನವಾಗಿದೆ. ಕನ್ನಡ ನಾಡಿನವರೂ ನೆರೆಯವರೂ ಪರದೇಶಗಳಲ್ಲಿ ಕಂಡ ಮೂರು ನಾಲ್ಕು ಯುದ್ಧಗಳನ್ನು ಈ ದಾರಿಯ ಕಡೆಯಿಂದ ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ.

ಮೊದಲಿಗೆ ಒಂದು ಮಾತು ತಿಳಿಯಾಗಬೇಕು. ಸೈನ್ಯದಲ್ಲಿ ಫೀಲ್ಡ್ ಆಂಬುಲೆನ್ಸ್ ಎಂದರೆ ಸೈರನ್ ಹಾಕಿಕೊಂಡು ಓಡುವ ಗಾಡಿಯಲ್ಲ, ಅದೊಂದು ತುಕಡಿ. ಡಾಕ್ಟರು, ಡ್ರೆಸ್ಸರು, ಸ್ಟ್ರೆಚರ್ ಹೊರುವವರು, ಅಡುಗೆಯವರು, ನೀರು ತರುವ ಭಿಸ್ತಿ, ಕಸ ಬಳಿಯುವವರು, ಹೇಸರಗತ್ತೆ ನೋಡಿಕೊಳ್ಳುವವರು ಎಲ್ಲ ಸೇರಿ ಅದು. ಗಾಯಾಳುವಿಗೆ ಮೊದಲು ರೆಜಿಮೆಂಟಿನ ಡಾಕ್ಟರು ಪಟ್ಟಿ ಕಟ್ಟುತ್ತಾರೆ. ಅಲ್ಲಿಂದ ಫೀಲ್ಡ್ ಆಂಬುಲೆನ್ಸಿನ ಡೇರೆಗೆ, ಅಲ್ಲಿಂದ ಇನ್ನೂ ಹಿಂದಿನ ಆಸ್ಪತ್ರೆಗೆ, ಕೊನೆಗೆ ರೈಲಿನಲ್ಲೋ ಹಡಗಿನಲ್ಲೋ ಬಂದರಿನ ದೊಡ್ಡ ಆಸ್ಪತ್ರೆಗೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಸರ್ಜನ್ ಎಷ್ಟು ಜಾಣನಾದರೂ ಪ್ರಯೋಜನವಿಲ್ಲ.

ಕಳಚಿದರೆ ಏನಾಗುತ್ತದೆಂಬುದು 1915ರ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕ್‌ನಲ್ಲಿ, ಜಗತ್ತಿಗೆ ಗೊತ್ತಾಯಿತು. ಬಾಗ್ದಾದ್ ಹಿಡಿಯಲು ಟೈಗ್ರಿಸ್ ನದಿಯ ಗುಂಟ ಏರಿಹೋದ ಬ್ರಿಟಿಷ್-ಭಾರತೀಯ ಸೈನ್ಯ ನವೆಂಬರ್ 22ರಂದು ಟೆಸಿಫಾನ್ ಎಂಬಲ್ಲಿ ತುರ್ಕರನ್ನು ಎದುರಿಸಿತು. ಮುಂದೆ ಬೆಳಗಾವಿಯನ್ನೇ ಮನೆ ಮಾಡಿಕೊಂಡ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಳೆಯ ಪಲ್ಟನ್ನುಗಳಾದ 103, 110, 117 ಅಲ್ಲಿದ್ದವು. ಸತ್ತವರು, ಗಾಯಗೊಂಡವರು ಸೇರಿ ಸಂಖ್ಯೆ ನಾಲ್ಕು ಸಾವಿರ ದಾಟಿತು. ಗಾಯಾಳುಗಳನ್ನು ಸಾಗಿಸಲು ಸರಿಯಾದ ಗಾಡಿಗಳಿರಲಿಲ್ಲ. ಹೇಸರಗತ್ತೆ ಎಳೆಯುವ ಸಾಮಾನಿನ ಗಾಡಿಗಳೇ ಗತಿ. ಅವುಗಳಿಗೆ ಸ್ಪ್ರಿಂಗ್ ಇಲ್ಲ, ಮೇಲೆ ಹೊದಿಕೆ ಇಲ್ಲ, ತಳದಲ್ಲಿ ಕಬ್ಬಿಣದ ಸರಳು. ಕೊಟ್ಟೂರು ತೇರಿಗೆ ಬಂಡಿ ಕಟ್ಟಿಕೊಂಡು ಹೋಗಿಬಂದ ಹಿರಿಯರಿಗೆ ಎರೆಹೊಲದ ಬಂಡಿದಾರಿ ಬೆನ್ನಿಗೆ ಏನು ಮಾಡುತ್ತದೆಂದು ಗೊತ್ತು. ತೊಡೆಮೂಳೆ ಮುರಿದವನನ್ನು ಅಂಥ ದಾರಿಯಲ್ಲಿ ರಾತ್ರಿ ಚಳಿಯಲ್ಲಿ ಮೈಲಿಗಟ್ಟಲೆ ಒಯ್ದರು. ನದಿ ಮುಟ್ಟಿದ ಮೇಲೆ ಹಡಗು. ಅದೂ ಆಸ್ಪತ್ರೆ ಹಡಗಲ್ಲ, ಕುದುರೆ ಮತ್ತು ಸಾಮಾನು ತಂದು ಖಾಲಿಯಾದ ದೋಣಿಗಳು.

ಬಸ್ರಾದಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್‌ನ ಮೇಜರ್ ರಾಬರ್ಟ್ ಮಾರ್ಕಮ್ ಕಾರ್ಟರ್ ಅಂಥದೊಂದು ಹಡಗು ಬರುವುದನ್ನು ಕಂಡ. ಅದರ ಹೆಸರು ಮೆಜಿದಿಯೆ. ಪಕ್ಕಗಳಿಂದ ಹಗ್ಗ ಜೋತುಬಿದ್ದಂತೆ ಕಂಡದ್ದು ಹತ್ತಿರ ಬಂದಾಗ ಮನುಷ್ಯರ ಮಲ ಎಂದು ತಿಳಿಯಿತು. ಎದ್ದು ನಿಲ್ಲಲಾಗದ ನೂರಾರು ಜನ ದಿನಗಟ್ಟಲೆ ಡೆಕ್ಕಿನ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗಿದ್ದರು. ಕಟ್ಟಿದ ಪಟ್ಟಿ ಬಿಚ್ಚಿ ನೋಡಿದವರಿರಲಿಲ್ಲ. ಕಾರ್ಟರ್ ವರದಿ ಬರೆದ. ಮೇಲಧಿಕಾರಿಗಳು ಅವನನ್ನೇ ಗದರಿಸಿದರು, ಬಂಧಿಸುವ ಬೆದರಿಕೆ ಹಾಕಿದರು. ಅವನು ಬಾಯಿ ಮುಚ್ಚಲಿಲ್ಲ. 1916ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು, 1917ರಲ್ಲಿ ವರದಿ ಹೊರಬಂತು, ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟ. ಒಬ್ಬ ಡಾಕ್ಟರು ಕಂಡದ್ದನ್ನು ಕಂಡಂತೆ ಬರೆದದ್ದರಿಂದ ಮಂತ್ರಿಯೊಬ್ಬ ಹುದ್ದೆ ಬಿಟ್ಟ ಉದಾಹರಣೆಗಳು ಸೈನ್ಯದ ಇತಿಹಾಸದಲ್ಲಿ ಹೆಚ್ಚಿಲ್ಲ.

ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕಂಡದ್ದು ಇನ್ನೊಂದು ಬಗೆಯ ದಾರಿ. ಆ ಕುದುರೆ ಪಡೆ 1914ರ ಅಕ್ಟೋಬರಿನಲ್ಲಿ ಬೆಂಗಳೂರು ಬಿಟ್ಟು ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾಯ್ದು, ಸಿನಾಯ್ ಮರಳುಗಾಡು ದಾಟಿ, ಪ್ಯಾಲೆಸ್ಟೈನಿನವರೆಗೆ ನಡೆಯಿತು. ಮರಳಿನಲ್ಲಿ ಗಾಡಿಚಕ್ರ ಹೂತುಹೋಗುತ್ತದೆ. ಹಾಗಾಗಿ ಅಗಲ ಚಕ್ರದ ಮರಳುಗಾಡಿಗಳನ್ನು ಮಾಡಿದರು. ಅದೂ ಸಾಗದಲ್ಲಿ ಒಂಟೆ. ಒಂಟೆಯ ಎರಡು ಪಕ್ಕಕ್ಕೂ ಒಂದೊಂದು ತೊಟ್ಟಿಲು ಕಟ್ಟಿ, ಒಂದೊಂದರಲ್ಲಿ ಒಬ್ಬೊಬ್ಬ ಗಾಯಾಳು. ಇದಕ್ಕೆ ಕ್ಯಾಕೊಲೆ ಎಂದು ಹೆಸರು. ಎರಡೂ ಕಡೆ ತೂಕ ಸರಿಹೋಗಬೇಕು. ಒಂಟೆ ಏಳುವಾಗ ಮುಂದಕ್ಕೂ ಹಿಂದಕ್ಕೂ ಎತ್ತಿಹಾಕುತ್ತದೆ, ನಡೆಯುವಾಗ ಹಡಗಿನಂತೆ ಓಲಾಡುತ್ತದೆ. ಹೊಟ್ಟೆಗೆ ಗುಂಡು ಬಿದ್ದವನಿಗೆ ಈ ಸವಾರಿ ಶತ್ರುವಿಗಿಂತ ದೊಡ್ಡ ಶತ್ರು. ಇಷ್ಟಾದರೂ ಮೆಸೊಪೊಟೇಮಿಯಾಕ್ಕೆ ಹೋಲಿಸಿದರೆ ಇಲ್ಲಿ ವ್ಯವಸ್ಥೆ ಇತ್ತು. ಸೈನ್ಯದ ಬೆನ್ನಿಗೇ ಕಾಂತಾರಾ ಊರಿನಿಂದ ರೈಲು ಹಳಿ ಹಾಕುತ್ತಾ, ನೀರಿನ ಪೈಪು ಎಳೆಯುತ್ತಾ ಬಂದರು. ಒಂಟೆಯಿಂದ ಇಳಿದವನಿಗೆ ಆಸ್ಪತ್ರೆ ರೈಲು ಕಾದಿರುತ್ತಿತ್ತು.

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರು ಬಿದ್ದದ್ದನ್ನು ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕವೂ ದಿಲ್ಲಿಯ ತೀನ್ ಮೂರ್ತಿಯೂ ನೆನಪಿಸುತ್ತವೆ. ಜೋಧಪುರದ ಲ್ಯಾನ್ಸರ್ಸ್ ಕಣಿವೆಯಲ್ಲಿ ನುಗ್ಗಿದರು, ಮೈಸೂರಿನವರಲ್ಲಿ ಒಂದು ಭಾಗ ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳನ್ನು ಹಿಡಿದರು. ಮಡಿದವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ದಂಡನ್ನು ಮುನ್ನಡೆಸಿದ ಜೋಧಪುರದ ಮೇಜರ್ ದಲ್ಪತ್ ಸಿಂಗ್ ಬೆನ್ನುಹುರಿಗೆ ಗುಂಡು ತಗುಲಿ ಪ್ರಾಣಬಿಟ್ಟ. ಹೈಫಾದ ಕುರಿತು ಭಾಷಣ ಮಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಅಲ್ಲಿಂದ ಒಂದು ತಿಂಗಳಲ್ಲಿ ಅದೇ ಸೈನ್ಯವನ್ನು ಮಲಗಿಸಿದ್ದು ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ. ಗುಂಡು ತಿಂದು ಆಸ್ಪತ್ರೆ ಸೇರಿದವರಿಗಿಂತ ಜೋರ್ಡಾನ್ ಕಣಿವೆಯ ಸೊಳ್ಳೆ ಕಚ್ಚಿ ಸೇರಿದವರು ಎಷ್ಟೋ ಪಟ್ಟು ಹೆಚ್ಚು. ಸೊಳ್ಳೆಯನ್ನು ಗೆದ್ದವನಿಗೆ ಕಂಚಿನ ಪ್ರತಿಮೆ ನಿಲ್ಲಿಸುವ ರೂಢಿ ಇಲ್ಲ.

ಇಲ್ಲೊಂದು ತಿರುವು. ಆ ಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರಲ್ಲಿ ಕೆಲವರನ್ನು ಹಡಗು ಹತ್ತಿಸಿ ಬಳ್ಳಾರಿಗೆ ತಂದರು. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಪ್ರತಿನಿಧಿಗಳು ಭಾರತ ಮತ್ತು ಬರ್ಮಾದ ಸೆರೆಶಿಬಿರಗಳನ್ನು ಸುತ್ತಿದಾಗ ಬಳ್ಳಾರಿಯನ್ನೂ ನೋಡಿಹೋದರು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳಿಗೆ ಆಗ ಬಳ್ಳಾರಿಯೇ ಜಿಲ್ಲಾಕೇಂದ್ರ. ಅನಟೋಲಿಯಾದ ರೈತನ ಮಗನಿಗೆ ಪರದೇಶದ ಆಸ್ಪತ್ರೆ ಎಂದರೆ ಈ ಬಿಸಿಲು, ಈ ಬಂಡೆ, ಈ ಜಾಲಿ. ಪರದೇಶ ಎನ್ನುವುದು ಯಾರು ಮಲಗಿದ್ದಾರೆಂಬುದರ ಮೇಲೆ ನಿಂತಿದೆ.

ಅದೇ ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಗಾಯಗೊಂಡ ಭಾರತೀಯರನ್ನು ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ, ರಾಜನ ಹಳೆಯ ಅರಮನೆಯಲ್ಲಿ ಮಲಗಿಸಿದರು. ಜಾತಿ ಮತ ನೋಡಿ ಅಲ್ಲಿ ಒಂಬತ್ತು ಅಡುಗೆಮನೆಗಳನ್ನು ಮಾಡಿದ್ದರು. ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ ನಲ್ಲಿ. ತೀರಿಕೊಂಡ ಹಿಂದೂ ಮತ್ತು ಸಿಖ್ಖರಲ್ಲಿ 53 ಮಂದಿಯನ್ನು ಊರಾಚೆಯ ಗುಡ್ಡದ ಮೇಲೆ ದಹಿಸಿದರು. ಅಲ್ಲಿನ ಅಮೃತಶಿಲೆಯ ಛತ್ರಿ 1921ರದು. ಬ್ರೈಟನ್ನಿನ ಚಿತ್ರಗಳು ಊರೂರಿಗೂ ತಲುಪಿದವು, ಬ್ರಿಟಿಷರ ಉಪಚಾರಕ್ಕೆ ಪ್ರಚಾರವಾಯಿತು. ಮೆಜಿದಿಯೆ ಹಡಗಿನ ಚಿತ್ರ ಯಾರೂ ಹಂಚಲಿಲ್ಲ. ಎರಡೂ ಒಂದೇ ಸಾಮ್ರಾಜ್ಯದ, ಒಂದೇ ವರ್ಷದ ಕೆಲಸ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ಸೊಲ್ಲಾಪುರಕ್ಕೆ ಬರಬಹುದು. ಸಿದ್ಧರಾಮ ಕೆರೆ ಕಟ್ಟಿಸಿದ ಸೊನ್ನಲಿಗೆ ಅದು. ಇವತ್ತಿಗೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಕನ್ನಡ ಮನೆಮಾತು. ಆ ಗಡಿಯೂರಿನ ಮರಾಠಿ ಮನೆಯೊಂದರಲ್ಲಿ 1910ರ ಅಕ್ಟೋಬರ್ 10ರಂದು ದ್ವಾರಕಾನಾಥ ಕೋಟ್ನಿಸ್ ಹುಟ್ಟಿದರು. ಮುಂಬಯಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಡಾಕ್ಟರಾದರು. 1937ರಲ್ಲಿ ಜಪಾನ್ ಚೀನಾದ ಮೇಲೆ ದೊಡ್ಡ ದಾಳಿ ಶುರುಮಾಡಿತ್ತು. ಚೀನೀ ಸೇನಾನಿ ಜು ದೆ ಜವಾಹರಲಾಲ್ ನೆಹರು ಅವರಿಗೆ ಪತ್ರ ಬರೆದು ಡಾಕ್ಟರುಗಳನ್ನು ಕೇಳಿದ. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆ ಕೊಟ್ಟರು, ಚಂದಾ ಎತ್ತಿದರು. ಐವರು ಹೊರಟರು: ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್. 1938ರ ಸೆಪ್ಟೆಂಬರ್ 1ರಂದು ರಾಜಪುತಾನಾ ಹಡಗು ಅವರನ್ನು ಹೊತ್ತು ಮುಂಬಯಿ ಬಿಟ್ಟಿತು. ತಾನೇ ಗುಲಾಮಗಿರಿಯಲ್ಲಿದ್ದ ದೇಶವೊಂದು ಇನ್ನೊಂದು ದೇಶದ ಗಾಯಾಳುಗಳಿಗೆ ಡಾಕ್ಟರು ಕಳಿಸಿತ್ತು.

ಕ್ಯಾಂಟನ್, ಹ್ಯಾಂಕೌ, ಚೊಂಗ್‌ಕಿಂಗ್ ದಾಟಿ 1939ರ ಫೆಬ್ರವರಿಯಲ್ಲಿ ಅವರು ಯೆನಾನ್ ಸೇರಿದರು. ಅಲ್ಲಿನ ನೆಲ ಹಳದಿ ಮಣ್ಣು. ಗುಡ್ಡ ಕೊರೆದು ಗುಹೆ ಮಾಡಿ ಜನ ವಾಸ ಮಾಡುತ್ತಾರೆ. ಆಸ್ಪತ್ರೆಯೂ ಗುಹೆಯಲ್ಲೇ, ವಿಮಾನದ ಬಾಂಬಿಗೆ ಸಿಗದಂತೆ. ಕೆಲವು ತಿಂಗಳ ನಂತರ ಕೋಟ್ನಿಸ್ ಮತ್ತು ಬಸು ಇನ್ನೂ ಮುಂದಕ್ಕೆ, ಜಪಾನೀಯರ ಹಿಡಿತದ ರೈಲು ಮಾರ್ಗಗಳ ಬೆನ್ನ ಹಿಂದಿದ್ದ ಗುಡ್ಡಗಾಡಿಗೆ ಹೊರಟರು. ಆ ಸೀಮೆಯ ಹೆಸರು ಜಿನ್-ಚಾ-ಜಿ. ಅಲ್ಲಿ ಅವರಿಗಿಂತ ಮೊದಲು ಒಬ್ಬ ಪರದೇಶಿ ಸರ್ಜನ್ ದುಡಿದು ಸತ್ತಿದ್ದ.

ಅವನು ಕೆನಡಾದ ನಾರ್ಮನ್ ಬೆಥೂನ್. ಸ್ಪೇನಿನ ಅಂತರ್ಯುದ್ಧದಲ್ಲಿ ಶೈತ್ಯಪೆಟ್ಟಿಗೆಯಲ್ಲಿ ರಕ್ತದ ಸೀಸೆ ಇಟ್ಟುಕೊಂಡು ವ್ಯಾನಿನಲ್ಲಿ ಯುದ್ಧರಂಗಕ್ಕೆ ಒಯ್ದವನು. ಗಾಯಾಳು ಬರಲೆಂದು ಕಾಯಬಾರದು, ಡಾಕ್ಟರೇ ಅವನಿದ್ದಲ್ಲಿಗೆ ಹೋಗಬೇಕು ಎಂಬುದು ಅವನ ಹಟ. ಚೀನಾದಲ್ಲಿ ವ್ಯಾನಿಗೆ ರಸ್ತೆ ಇಲ್ಲ. ಹೇಸರಗತ್ತೆ ಇತ್ತು. ಬೆಥೂನ್ ಮರದ ಚೌಕಟ್ಟಿನ ಒಂದು ಹೇರುತಡಿ ಮಾಡಿಸಿದ. ಕತ್ತರಿ, ಚಿಮಟ, ಔಷಧಿ, ಬ್ಯಾಂಡೇಜು ಎಲ್ಲ ಅದರ ಖಾನೆಗಳಲ್ಲಿ. ನೂರು ಆಪರೇಷನ್‌ಗೆ, ಐನೂರು ಪಟ್ಟಿ ಕಟ್ಟುವುದಕ್ಕೆ ಸಾಲುವಷ್ಟು ಸಾಮಾನು ಅದರಲ್ಲಿ ಹಿಡಿಯುತ್ತಿತ್ತು. ಪ್ರಾಣಿಯ ಬೆನ್ನ ಮೇಲೆ ಕಮಾನಿನಂತೆ ನಿಲ್ಲುತ್ತಿದ್ದ ಅದಕ್ಕೆ, ಯುದ್ಧ ಶುರುವಾದ ಲುಗೌ ಸೇತುವೆಯ ಹೆಸರಿಟ್ಟರು. 1939ರ ಏಪ್ರಿಲಿನಲ್ಲಿ ಚಿಹುಯಿ ಎಂಬ ಹಳ್ಳಿಯ ಹತ್ತಿರದ ಕಾಳಗದಲ್ಲಿ ಅವನ ತಂಡ 69 ಗಂಟೆಗಳಲ್ಲಿ 115 ಆಪರೇಷನ್ ಮಾಡಿತು. ಅದೇ ವರ್ಷದ ಕೊನೆಗೆ ರಬ್ಬರ್ ಕೈಗವಸಿಲ್ಲದೆ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜೇರಿ, ನವೆಂಬರ್ 12ರಂದು ಸತ್ತ. ಪೆನಿಸಿಲಿನ್ ಆ ಗುಡ್ಡಗಳಿಗೆ ಮಾತ್ರವಲ್ಲ, ಜಗತ್ತಿನ ಯಾವ ಆಸ್ಪತ್ರೆಗೂ ಇನ್ನೂ ಬಂದಿರಲಿಲ್ಲ.

ಕೋಟ್ನಿಸ್ ಅವನ ಜಾಗಕ್ಕೆ ಬಂದರು. 1941ರ ಆರಂಭದಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಹೆಸರು ದೊಡ್ಡದು, ಕಟ್ಟಡ ಎಂಬುದಿಲ್ಲ. ಹೆಬೈ ಪ್ರಾಂತದ ಟಾಂಗ್ ತಾಲ್ಲೂಕಿನ ಗೆಗೊಂಗ್ ಹಳ್ಳಿಯ ರೈತರ ಮನೆಗಳೇ ವಾರ್ಡುಗಳು. ಉತ್ತರ ಚೀನಾದ ಮನೆಗಳಲ್ಲಿ ಮಣ್ಣು-ಇಟ್ಟಿಗೆಯ ಎತ್ತರದ ಜಗಲಿ ಇರುತ್ತದೆ, ಅದಕ್ಕೆ ಕಾಂಗ್ ಎನ್ನುತ್ತಾರೆ; ಒಲೆಯ ಹೊಗೆ ಅದರ ಅಡಿಯಲ್ಲಿ ಹಾದುಹೋಗಿ ಮಲಗುವವರನ್ನು ಬೆಚ್ಚಗಿಡುತ್ತದೆ. ಮನೆಯವರು ಒಂದು ಕಡೆ ಸರಿದು ಗಾಯಾಳುವಿಗೆ ಜಾಗ ಕೊಟ್ಟರು. ಜಪಾನೀಯರ ದಿಗ್ಬಂಧನದಿಂದ ಹತ್ತಿ, ಬಟ್ಟೆ, ಅರಿವಳಿಕೆ ಎಲ್ಲಕ್ಕೂ ಬರ. ಬ್ಯಾಂಡೇಜನ್ನು ಒಗೆದು, ಕುದಿಸಿ, ಒಣಗಿಸಿ ಮತ್ತೆ ಕಟ್ಟಬೇಕು. ಶತ್ರು ಬಂದನೆಂಬ ಸುದ್ದಿ ಬಂದರೆ ರಾತ್ರೋರಾತ್ರಿ ಆಸ್ಪತ್ರೆಯನ್ನೇ ಎತ್ತಿಕೊಂಡು ಇನ್ನೊಂದು ಕಣಿವೆಗೆ.

ಎತ್ತಿಕೊಂಡವರು ಯಾರು? ಹಳ್ಳಿಯವರೇ. ಪ್ರತಿ ಊರಿನಲ್ಲಿ ಸ್ಟ್ರೆಚರ್ ಹೊರುವ ತಂಡಗಳಿದ್ದವು. ಒಂದು ಊರಿನವರು ಹೊತ್ತು ಮುಂದಿನ ಊರಿನವರೆಗೆ ತಂದು ಇಳಿಸುತ್ತಾರೆ, ಅಲ್ಲಿಂದ ಮುಂದಿನವರು. ಸರ್ಕಾರದ ವೇತನವಿಲ್ಲ, ಸಮವಸ್ತ್ರವಿಲ್ಲ, ಸಿಕ್ಕಿಬಿದ್ದರೆ ಊರಿಗೇ ಬೆಂಕಿ. ಕೋಟ್ನಿಸರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದ್ದೇ. ಆದರೆ ಅವರ ಮೇಜಿನ ಮೇಲೆ ಗಾಯಾಳು ಬದುಕಿ ತಲುಪುತ್ತಿದ್ದದ್ದು ಈ ಹೆಸರಿಲ್ಲದ ಹೆಗಲುಗಳಿಂದ. ಮೆಸೊಪೊಟೇಮಿಯಾದಲ್ಲಿ ಒಂದು ಸಾಮ್ರಾಜ್ಯಕ್ಕೆ ಆಗದ್ದು ಬಡ ಹಳ್ಳಿಗಳಿಗೆ ಸಾಧ್ಯವಾದದ್ದು ಹೇಗೆ ಎಂದು ಕೇಳಿಕೊಂಡರೆ ಉತ್ತರ ಸಿಗುವುದು ಔಷಧಿಪೆಟ್ಟಿಗೆಯಲ್ಲಿ ಅಲ್ಲ. ಗಾಯಗೊಂಡವನು ಅವರಿಗೆ ಪಕ್ಕದೂರಿನ ಹುಡುಗ.

ಕೋಟ್ನಿಸರ ಇನ್ನೊಂದು ಕೆಲಸ ಹೆಚ್ಚು ಪ್ರಸಿದ್ಧವಲ್ಲ. ಈ ಉಪನ್ಯಾಸದ ಲೆಕ್ಕದಲ್ಲಿ ಅದೇ ದೊಡ್ಡದು. ಆಸ್ಪತ್ರೆಗೆ ಸೇರಿದಂತೆ ಬೆಥೂನ್ ಹೆಸರಿನ ವೈದ್ಯಶಾಲೆಯಿತ್ತು. ಅವರು ಚೀನೀ ಭಾಷೆ ಕಲಿತರು, ಓದಲು ಬರೆಯಲು ಕೂಡ. ಆ ಭಾಷೆಯಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆದರು. ಒಂದನ್ನು ಮುಗಿಸಿ ಇನ್ನೊಂದನ್ನು ಬರೆಯುತ್ತಿದ್ದರು. ಒಬ್ಬ ಸರ್ಜನ್ ದಿನಕ್ಕೆ ಎಷ್ಟು ಜನರನ್ನು ಕೊಯ್ದಾನು? ಐವತ್ತು ಹುಡುಗರಿಗೆ ಕಲಿಸಿದರೆ ಐವತ್ತು ಕಣಿವೆಗಳಿಗೆ ಡಾಕ್ಟರು ಸಿಕ್ಕಂತೆ. ಊರಿನಿಂದ ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಅವರು ಮರಳಲಿಲ್ಲ. ಒಬ್ಬೊಬ್ಬರಾಗಿ ಮುಖರ್ಜಿ, ಚೋಳ್ಕರ್, ಅಟಲ್ ಊರಿಗೆ ಹಿಂದಿರುಗಿದ್ದರು. ನರ್ಸಿಂಗ್ ಕಲಿಸುತ್ತಿದ್ದ ಗುವೋ ಚಿಂಗ್ಲಾನ್ ಅವರನ್ನು ಕೋಟ್ನಿಸ್ 1941ರ ಕೊನೆಯಲ್ಲಿ ಮದುವೆಯಾದರು. 1942ರ ಆಗಸ್ಟಿನಲ್ಲಿ ಮಗ ಹುಟ್ಟಿದ; ಭಾರತ, ಚೀನಾ ಎರಡೂ ಸೇರುವಂತೆ ಯಿನ್‌ಹುವಾ ಎಂದು ಹೆಸರಿಟ್ಟರು. ಅಪಸ್ಮಾರದ ಕಾಟ ಅವರನ್ನು ಹಿಡಿದಿತ್ತು. ಅದೇ ಡಿಸೆಂಬರ್ 9ರಂದು ತೀರಿಕೊಂಡರು. ವಯಸ್ಸು 32.

ಮುಂದೆ ಖ್ವಾಜಾ ಅಹ್ಮದ್ ಅಬ್ಬಾಸ್ ಈ ಕಥೆಯನ್ನು ಪುಸ್ತಕವಾಗಿಸಿದರು, 1946ರಲ್ಲಿ ವಿ. ಶಾಂತಾರಾಮ್ ಸಿನಿಮಾ ಮಾಡಿದರು. ಚೀನಾದ ಶಿಜಿಯಾಜುವಾಂಗ್‌ನ ಹುತಾತ್ಮರ ಸ್ಮಶಾನದಲ್ಲಿ ಬೆಥೂನ್ ಮತ್ತು ಕೋಟ್ನಿಸ್ ಇಬ್ಬರ ಸಮಾಧಿಗಳಿವೆ. 1962ರ ಗಡಿ ಯುದ್ಧವೂ ಆ ಗೌರವವನ್ನು ಅಳಿಸಲಿಲ್ಲ.

ಕೊರಿಯಾದ ಕಥೆ ಸ್ವತಂತ್ರ ಭಾರತದ್ದು. 1950ರಲ್ಲಿ ಯುದ್ಧ ಶುರುವಾದಾಗ ಬಂದೂಕು ಹಿಡಿದ ದಂಡು ಕಳಿಸುವುದಿಲ್ಲ ಎಂದ ನೆಹರು ಸರ್ಕಾರ ಒಂದು ಫೀಲ್ಡ್ ಆಂಬುಲೆನ್ಸ್ ಕಳಿಸಿತು. ಅದು ಆಗ್ರಾದಲ್ಲಿದ್ದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್. ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. 1941ರಲ್ಲಿ ಪ್ಯಾರಾಶೂಟಿನಿಂದ ಜಿಗಿದ ಮೊದಲ ಇಬ್ಬರು ಭಾರತೀಯ ಸೈನಿಕರಲ್ಲಿ ಒಬ್ಬರು. ನವೆಂಬರಿನಲ್ಲಿ ಪೂಸಾನ್‌ನಲ್ಲಿ ಇಳಿದ ಆ ತುಕಡಿ ಉತ್ತರಕ್ಕೆ ಹೋಗಿ ಪ್ಯಾಂಗ್‌ಯಾಂಗ್ ತಲುಪುವ ಹೊತ್ತಿಗೆ ಚೀನೀ ಸೈನ್ಯ ನುಗ್ಗಿತ್ತು, ಎಲ್ಲರೂ ಹಿಂದಕ್ಕೆ ಓಡುತ್ತಿದ್ದರು. ಸಾಮಾನು ಬಿಟ್ಟು ಹೊರಡಿ ಎಂಬ ಆಜ್ಞೆ ಬಂತು. ಲಾರಿಗಳಿಲ್ಲ. ಮಾರ್ಫಿನ್, ಆಪರೇಷನ್ ಸಾಮಾನು ಬಿಟ್ಟ ಫೀಲ್ಡ್ ಆಂಬುಲೆನ್ಸ್ ಎಂದರೆ ಬರಿಗೈ ಡಾಕ್ಟರುಗಳ ಗುಂಪು.

ಸ್ಟೇಷನ್ನಿನಲ್ಲಿ ಒಂದು ಹಳೆಯ ಉಗಿಬಂಡಿ ಎಂಜಿನ್ ಮತ್ತು ಕೆಲವು ಡಬ್ಬಿಗಳು ಕಂಡವು. ಎಂಜಿನ್ ನಡೆಸುವುದು ಸ್ವಲ್ಪ ಗೊತ್ತಿದ್ದವರು ತುಕಡಿಯಲ್ಲೇ ಇದ್ದರು. ಬಾಯ್ಲರಿಗೆ ನೀರು ಬೇಕು. ಜವಾನರು ಸಾಲಾಗಿ ನಿಂತು ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ತುಂಬಿದರು. ಹಿಂದೆ ಸರಿಯುತ್ತಿದ್ದ ಸೈನ್ಯ ದಾರಿಯ ಸೇತುವೆಯನ್ನು ಸಿಡಿಸುವ ಮುನ್ನ ದಾಟಿದರು, ಸಾಮಾನೆಲ್ಲ ಉಳಿಯಿತು. ರೈಲು ಓಡಿಸುವುದು ವೈದ್ಯಶಾಸ್ತ್ರದ ಯಾವ ಪಠ್ಯದಲ್ಲೂ ಇಲ್ಲ. ಆದರೆ ಮುಂದಿನ ಮೂರು ವರ್ಷ ಆ ಸಾಮಾನು ಕೆಲಸಕ್ಕೆ ಬಂತು.

ಆಮೇಲೆ ತುಕಡಿ ಎರಡಾಯಿತು. ಒಂದು ಭಾಗ ಕಾಮನ್‌ವೆಲ್ತ್ ದಂಡಿನೊಡನೆ ಯುದ್ಧರಂಗದಲ್ಲಿ, ಇನ್ನೊಂದು ತೆಗು ಊರಿನ ಆಸ್ಪತ್ರೆಯಲ್ಲಿ ಕೊರಿಯಾದ ಸೈನಿಕರಿಗೂ ಜನರಿಗೂ. 1951ರ ಮಾರ್ಚ್ 23ರಂದು ಅಮೆರಿಕದ ಸಾವಿರಾರು ಪ್ಯಾರಾ ಸೈನಿಕರು ಮುನ್‌ಸಾನ್‌ನಲ್ಲಿ ಜಿಗಿದಾಗ ಅವರೊಡನೆ ರಂಗರಾಜ್ ಸೇರಿ 12 ಮಂದಿ ಭಾರತೀಯರೂ ಜಿಗಿದರು. ಬೆಥೂನ್ ಹೇಸರಗತ್ತೆಯ ಮೇಲೆ ಒಯ್ದದ್ದನ್ನು ಇವರು ಬೆನ್ನಿಗೆ ಕಟ್ಟಿಕೊಂಡು ಆಕಾಶದಿಂದ ಇಳಿದರು. ಇದೇ ಯುದ್ಧದಲ್ಲಿ ಅಮೆರಿಕನ್ನರು ಗಾಯಾಳುಗಳನ್ನು ಹೆಲಿಕಾಪ್ಟರಿನ ಪಕ್ಕಕ್ಕೆ ಕಟ್ಟಿದ ಸ್ಟ್ರೆಚರಿನಲ್ಲಿ ಸಾಗಿಸುವುದನ್ನು ರೂಢಿ ಮಾಡಿದರು. ಅವರ ಆಸ್ಪತ್ರೆ ತಲುಪಿದ ಗಾಯಾಳುಗಳಲ್ಲಿ ಸಾಯುವವರ ಪ್ರಮಾಣ ಎರಡನೇ ಮಹಾಯುದ್ಧದ ಸುಮಾರು ಶೇ. 4.5ರಿಂದ ಸುಮಾರು ಶೇ. 2.5ಕ್ಕೆ ಇಳಿಯಿತು. ರಕ್ತ, ಪೆನಿಸಿಲಿನ್, ನುರಿತ ಸರ್ಜನ್ನುಗಳು ಇದಕ್ಕೆ ಕಾರಣ ಹೌದು. ಗಾಯಾಳು ಹೆಲಿಕಾಪ್ಟರಿನಲ್ಲಿ ಬೇಗ ತಲುಪಿದ್ದೂ ಒಂದು ಕಾರಣ. ಭಾರತೀಯ ತುಕಡಿಯು ಆ ವರ್ಷಗಳಲ್ಲಿ ನೋಡಿದ ರೋಗಿಗಳು 2 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸಾಮಾನ್ಯ ಜನರೂ ಇದ್ದರು.

ಯುದ್ಧ ನಿಂತ ಮೇಲೆ, ಊರಿಗೆ ಮರಳಲೊಪ್ಪದ ಸೆರೆಯಾಳುಗಳ ಗತಿ ಏನೆಂದು ತೀರ್ಮಾನಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ. 1953ರ ಸೆಪ್ಟೆಂಬರಿನಲ್ಲಿ 22 ಸಾವಿರಕ್ಕೂ ಮಿಕ್ಕಿದ ಸೆರೆಯಾಳುಗಳು ಭಾರತೀಯ ಕಾವಲಿಗೆ ಬಂದರು, 60ನೇ ತುಕಡಿಯ ಡಾಕ್ಟರುಗಳೂ ಆ ಕಾವಲುಪಡೆಯನ್ನು ಸೇರಿದರು. ಅದೇ ವಾರಗಳಲ್ಲಿ, ಅಕ್ಟೋಬರ್ 1ರಂದು, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೇರಿದ ಬಳ್ಳಾರಿಯ ಏಳು ತಾಲ್ಲೂಕುಗಳು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂದವು. ಇಲ್ಲಿ ಊರುಗಳು ಯಾವ ರಾಜ್ಯಕ್ಕೆ ಎಂದು ತೀರ್ಮಾನವಾಗುತ್ತಿದ್ದಾಗ ಅಲ್ಲಿ ಒಬ್ಬ ಕೊಡಗಿನವರು ಮನುಷ್ಯರು ಯಾವ ದೇಶಕ್ಕೆ ಎಂದು ಕೇಳುತ್ತಿದ್ದರು. ಅದೇ 60ನೇ ತುಕಡಿ 2023ರ ಫೆಬ್ರವರಿಯಲ್ಲಿ ತುರ್ಕಿಯ ಭೂಕಂಪದ ಗಾಯಾಳುಗಳಿಗಾಗಿ ಇಸ್ಕೆಂದೆರುನ್ ಊರಿನಲ್ಲಿ ಆಸ್ಪತ್ರೆ ತೆರೆಯಿತು.

ಹೊತ್ತವರ ಲೆಕ್ಕಕ್ಕೆ ಬರೋಣ. ಮೊದಲ ಮಹಾಯುದ್ಧದ ನಂತರ ಭಾರತದ ಎಷ್ಟೋ ಹಳ್ಳಿಗಳಲ್ಲಿ ಸರ್ಕಾರ ಬಿಳಿ ಕಲ್ಲಿನ ಫಲಕ ಹಾಕಿಸಿತು. ಈ ಊರಿನಿಂದ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಎರಡೇ ಸಂಖ್ಯೆ. ಕೈಕಾಲು ಕಳೆದುಕೊಂಡು ಬಂದವರಿಗೆ ಅಲ್ಲಿಯೂ ಸಾಲಿಲ್ಲ. ಇರಾಕ್‌ನ ಬಸ್ರಾದ ದೊಡ್ಡ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿವೆ, ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ. ಸ್ಟ್ರೆಚರ್ ಹೊತ್ತವರು, ಭಿಸ್ತಿಗಳು, ಅಡುಗೆಯವರು ಸೈನ್ಯದ ಕಡತಗಳಲ್ಲಿ ಹಿಂಬಾಲಕರು ಮಾತ್ರ. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ 2021ರಲ್ಲಿ ತನ್ನದೇ ವರದಿಯಲ್ಲಿ, ಕನಿಷ್ಠ 45 ಸಾವಿರ ಏಷ್ಯಾ-ಆಫ್ರಿಕಾದವರನ್ನು ಸಮಾನವಾಗಿ ಸ್ಮರಿಸಿಲ್ಲ, ಇನ್ನೂ ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರನ್ನೇ ಬರೆದಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಪೂರ್ವ ಆಫ್ರಿಕಾದಲ್ಲಿ ಹೊರೆ ಹೊತ್ತು ಸತ್ತವರೇ ಆ ಪಟ್ಟಿಯಲ್ಲಿ ಬಹಳ. ನೂರು ವರ್ಷ ತಡವಾದ ಕ್ಷಮೆಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಇದ್ದೇ ಇದೆ. ಹೆಸರು ಹುಡುಕುವ ಕೆಲಸವಾದರೂ ಶುರುವಾಯಿತು.

ಬದುಕಿ ಬಂದವರ ವಿಷಯದಲ್ಲಿ ನಮ್ಮ ನೆರೆಯ ಪುಣೆಯ ಕಡೆ ನೋಡಬೇಕು. ಯುದ್ಧದಲ್ಲಿ ಅಂಗಹೀನರಾದ ಸೈನಿಕರಿಗೆ ಕಸುಬು ಕಲಿಸಲು ಮುಂಬಯಿಯಲ್ಲಿ 1917ರಲ್ಲಿ ಶುರುವಾದ ಕ್ವೀನ್ ಮೇರಿ ಸಂಸ್ಥೆ ಆಮೇಲೆ ಪುಣೆಯ ಖಡಕಿಗೆ ಬಂತು, ಈಗಲೂ ಇದೆ. ಎರಡನೇ ಯುದ್ಧದ ಗಾಯಾಳುಗಳು ಬರತೊಡಗಿದಾಗ 1944ರಲ್ಲಿ ಅದೇ ಊರಿನಲ್ಲಿ ಕೃತಕ ಅಂಗ ಕೇಂದ್ರ ತೆರೆದರು. ಆ ಕಾಲದ ಕೃತಕ ಕಾಲು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರ ಅಳತೆಯದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವವನಿಗೆ, ಬರಿಗಾಲಲ್ಲಿ ಜೋಳದ ಹೊಲಕ್ಕೆ ಹೋಗುವವನಿಗೆ ಅದು ಒಗ್ಗುತ್ತಿರಲಿಲ್ಲ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಡಾ. ಪಿ.ಕೆ. ಸೇಠಿ ಅವರೊಡನೆ ರಬ್ಬರಿನ ಪಾದ ಮಾಡಿದರು; ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿನಲ್ಲಿ ನಡೆಯಬಹುದು. ಅಫ್ಘಾನಿಸ್ತಾನದಲ್ಲಿ ನೆಲಬಾಂಬು ತುಳಿದು ಕಾಲು ಕಳೆದುಕೊಂಡವರಲ್ಲಿ ಬಹಳ ಮಂದಿ ಅದನ್ನು ಕಟ್ಟಿಕೊಂಡು ನಡೆದರು. ಪುಣೆಯ ಕೇಂದ್ರದಲ್ಲಿ ಈಗ ಸೈನಿಕರಲ್ಲದವರಿಗೂ ಅಂಗ ಜೋಡಿಸುತ್ತಾರೆ. ಸಂಡೂರಿನ ಗಣಿಯಲ್ಲೋ ಹೆದ್ದಾರಿಯ ಲಾರಿ ಅಪಘಾತದಲ್ಲೋ ಕಾಲು ಹೋದವನೂ ಅಲ್ಲಿಗೆ ಹೋಗಿ ಅಳತೆ ಕೊಡಬಹುದು.